ಸಿಗ್ನಲ್‌ಲೆಸ್ ಎಂದರೆ ಸಿಗ್ನಲ್ ಕಡಿಮೆಯೋ, ಇಲ್ಲವೇ ಇಲ್ಲವೋ?

ಪ್ರಶ್ನೆ: ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ನಮ್ಮ ಕಾಫಿ ತೋಟ. ಅಲ್ಲೇ ಸಣ್ಣದೊಂದು ಹೋಂಸ್ಟೇ ನಡೆಸುತ್ತೇವೆ. ಊರಿಗೆ ಟವರ್ ಹಾಕಿಸಿಕೊಡಿ ಎಂದು ಮೊಬೈಲ್ ಕಂಪನಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆದೆ. ಅದರಲ್ಲಿ ‘ಸಿಗ್ನಲ್‌ಲೆಸ್ ಏರಿಯಾ’ ಎಂದು ಹಾಕಿದೆ. ಹೋಂಸ್ಟೇ ಬೋರ್ಡಿಗೂ ಅದೇ ಪದ ಬರೆಸಬೇಕೆಂದಿದ್ದೆ. ಸೇನೆಯ ಸಿಗ್ನಲ್ಸ್‌ನಲ್ಲಿದ್ದು ನಿವೃತ್ತರಾದ ನಮ್ಮ ಮಾವ ಅಂಥ ಪದವೇ ಇಲ್ಲ ಎನ್ನುತ್ತಾರೆ. ಸಿವಿಲ್ ಇಂಜಿನಿಯರಿಂಗ್ ಓದುತ್ತಿರುವ ಮಗಳು ‘ಅನ್‌ಸಿಗ್ನಲೈಸ್ಡ್’ ಎನ್ನಬೇಕು ಎನ್ನುತ್ತಾಳೆ. ಬೆಂಗಳೂರಿನಿಂದ ಬಂದಿದ್ದ ಅತಿಥಿಯೊಬ್ಬರು ‘ಸಿಗ್ನಲ್ ಫ್ರೀ’ ಎಂದು ಬರೆಸಿ, ಜನ ಹುಡುಕಿಕೊಂಡು ಬರುತ್ತಾರೆ ಎಂದರು. ನಮ್ಮ ತೋಟದ ಲೆಕ್ಕ ಬರೆಯುವ ರೈಟರು ಕೇಳಿದ್ದು ಬೇರೆಯೇ: ‘ಲೆಸ್ ಅಂದ್ರೆ ಕಡಿಮೆ ತಾನೇ? ಗೇಟಿನ ಹತ್ತಿರ ಒಂದು ಕಡ್ಡಿ ಬರುತ್ತಲ್ಲ?’ ಯಾವುದು ಸರಿ?

ಉತ್ತರ: ನಿಮ್ಮ ರೈಟರ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಉಳಿದ ಮೂವರ ಮಾತಿಗಿಂತ ಅದರಲ್ಲಿ ಬಿಡಿಸಬೇಕಾದ ಗಂಟು ದೊಡ್ಡದು.

ನಾವು ‘ಲೆಸ್’ ಎಂಬ ಪದವನ್ನು ಮೊದಲು ಕಲಿಯುವುದು ಶಾಲೆಯಲ್ಲಲ್ಲ, ಅಂಗಡಿಯಲ್ಲಿ. ಗೋಣಿಕೊಪ್ಪದ ಸಂತೆಯಲ್ಲಾಗಲಿ ಕುಶಾಲನಗರದ ಬಟ್ಟೆ ಅಂಗಡಿಯಲ್ಲಾಗಲಿ ‘ಸ್ವಲ್ಪ ಲೆಸ್ ಮಾಡಿ’ ಎನ್ನುತ್ತೇವೆ. ಅಲ್ಲಿ ಅದರ ಅರ್ಥ ಕಡಿಮೆ, ಅದು ಸರಿಯೇ. ಆದರೆ ಪದದ ಬಾಲಕ್ಕೆ ಅಂಟುವ ಲೆಸ್ ಬೇರೆ ಪದ. ಎರಡೂ ಹಳೆಯ ಇಂಗ್ಲಿಷಿನಿಂದ ಬಂದವು, ಆದರೆ ಬೇರು ಬೇರೆ ಬೇರೆ. ಬಾಲದ ಲೆಸ್ ಹುಟ್ಟಿದ್ದು ‘ಲೇಅಸ್’ ಎಂಬ ಹಳೆಯ ವಿಶೇಷಣದಿಂದ. ಅದರ ಅರ್ಥ ‘ಬಿಟ್ಟುಹೋದ, ಕಳಚಿಕೊಂಡ, ಇಲ್ಲದ’. ಜರ್ಮನ್ ಭಾಷೆಯ ‘ಲೋಸ್’ ಎಂಬ ಪ್ರತ್ಯಯ ಇದರ ಒಡಹುಟ್ಟು. ಸಡಿಲ ಎಂಬರ್ಥದ ‘ಲೂಸ್’ ಮತ್ತು ಕಳೆದುಕೊಳ್ಳು ಎಂಬರ್ಥದ ‘ಲೂಸ್’, ಈ ಎರಡೂ ಇದರ ಬಳಗದವೇ. ಕಡಿಮೆ ಎಂಬರ್ಥದ ಲೆಸ್ ಆ ಬಳಗಕ್ಕೆ ಸೇರಿದ್ದಲ್ಲ. ಕಾಲ ಸವೆದಂತೆ ಎರಡರ ಕಾಗುಣಿತ ಒಂದೇ ಆಯಿತು, ಅಷ್ಟೆ.

ಹಾಗಾಗಿ ಹೋಮ್‌ಲೆಸ್ ಎಂದರೆ ಸಣ್ಣ ಮನೆಯವನಲ್ಲ, ಮನೆಯೇ ಇಲ್ಲದವನು. ಸಿಗ್ನಲ್‌ಲೆಸ್ ಎಂದರೆ ಸಿಗ್ನಲ್ ಕಡಿಮೆ ಇರುವುದಲ್ಲ, ಇಲ್ಲವೇ ಇಲ್ಲ. ಇದರಲ್ಲಿ ಹೆಚ್ಚು ಕಡಿಮೆ ಎಂಬ ಮಾತಿಲ್ಲ. ‘ವೆರಿ ಸಿಗ್ನಲ್‌ಲೆಸ್’, ‘ಮೋರ್ ಸಿಗ್ನಲ್‌ಲೆಸ್’ ಎಂದು ಬರೆದರೆ ಇಂಗ್ಲಿಷ್ ಕಿವಿಗೆ ತಟ್ಟುತ್ತದೆ. ಗೇಟಿನ ಹತ್ತಿರ ಒಂದು ಕಡ್ಡಿ ಬಂದು ಹೋಗುವ ಜಾಗಕ್ಕೆ ಇಂಗ್ಲಿಷಿನವರು ಬಳಸುವ ಪದ ‘ವೀಕ್ ಸಿಗ್ನಲ್’. ಒಂದು ಕಡೆ ಸಿಕ್ಕಿ ಹತ್ತು ಹೆಜ್ಜೆ ಆಚೆ ಸಿಗದಿದ್ದರೆ ‘ಪ್ಯಾಚಿ ಸಿಗ್ನಲ್’. ನಿಮ್ಮ ರೈಟರು ಪದದ ಅರ್ಥವನ್ನು ತಪ್ಪಾಗಿ ಹಿಡಿದಿದ್ದರೂ ಕೇಳಬೇಕಾದ್ದನ್ನೇ ಕೇಳಿದ್ದಾರೆ. ಒಂದು ಕಡ್ಡಿ ಬರುವ ತೋಟವನ್ನು ಸಿಗ್ನಲ್‌ಲೆಸ್ ಎಂದರೆ ಅರ್ಜಿಯನ್ನು ಪರಿಶೀಲಿಸಲು ಬಂದವನ ಫೋನೇ ನಿಮ್ಮ ವಿರುದ್ಧ ಸಾಕ್ಷಿ ಹೇಳಬಹುದು.

ಇನ್ನು ನಿಮ್ಮ ಮಾವನವರ ಮಾತು. ಪದ ಇದೆ. ಅಪರೂಪದ್ದು, ಕೈನಿಘಂಟಿನಲ್ಲಿ ಸಿಗದೆ ಹೋಗಬಹುದು. ಆದರೆ ನಾಮಪದದ ಕೊನೆಗೆ ಲೆಸ್ ಸೇರಿಸಿ ಹೊಸ ವಿಶೇಷಣ ಕಟ್ಟಿಕೊಳ್ಳುವ ಸ್ವಾತಂತ್ರ್ಯ ಇಂಗ್ಲಿಷಿನಲ್ಲಿ ಎಲ್ಲರಿಗೂ ಇದೆ. ಹೀಗೆ ಹುಟ್ಟುವ ಪದಗಳನ್ನೆಲ್ಲ ನಿಘಂಟುಕಾರರು ಪಟ್ಟಿ ಮಾಡುತ್ತಾ ಕೂರುವುದಿಲ್ಲ. ನಮ್ಮ ನಿಘಂಟುಗಳಲ್ಲೂ ‘ನೀರು’ ಇದೆ, ‘ಇಲ್ಲ’ ಇದೆ. ‘ನೀರಿಲ್ಲದ’ ಎಂಬುದಕ್ಕೆ ಬೇರೆ ನಮೂದು ಯಾರೂ ಹುಡುಕುವುದಿಲ್ಲ. ಕಾಗುಣಿತದಲ್ಲಿ ಮಾತ್ರ ಎಚ್ಚರ ಬೇಕು. ‘ಎಲ್’ ಅಕ್ಷರ ಎರಡು ಸಲ ಬರಬೇಕು, ಒಂದು ಸಿಗ್ನಲ್‌ನದ್ದು, ಇನ್ನೊಂದು ಲೆಸ್‌ನದ್ದು. ನಾನು ತಿದ್ದಿದ ಉತ್ತರಪತ್ರಿಕೆಗಳಲ್ಲಿ ಇಂಥ ಪದಗಳ ಒಂದು ಎಲ್ ಮಾಯವಾಗುತ್ತಿದ್ದುದೇ ಹೆಚ್ಚು. ನಡುವೆ ಅಡ್ಡಗೆರೆ ಬೇಕಿಲ್ಲ, ಹಾಕಿದರೆ ತಪ್ಪೂ ಅಲ್ಲ. ಚಿಪ್ಪಿಲ್ಲದ ಎಂಬರ್ಥದ ‘ಶೆಲ್‌ಲೆಸ್’ನಂಥ ಪದದಲ್ಲಿ ಮೂರು ಎಲ್ ಸಾಲಾಗಿ ನಿಲ್ಲುವುದರಿಂದ ಅಲ್ಲಿ ಅಡ್ಡಗೆರೆ ಹಾಕುವುದು ರೂಢಿ. ಉಚ್ಚರಿಸುವಾಗ ಒತ್ತು ಮೊದಲ ಅಕ್ಷರಕ್ಕೆ, ಕೊನೆಯ ಲೆಸ್ ಮೆತ್ತಗೆ, ಹೆಚ್ಚುಕಡಿಮೆ ‘ಲಸ್’ ಎಂಬಂತೆ.

ಪದ ಇದೆ ಎಂದಮಾತ್ರಕ್ಕೆ ಅದೇ ಬೇಕು ಎಂದಲ್ಲ. ಇಂಗ್ಲಿಷ್ ಮನೆಮಾತಿನವರು ನಿಮ್ಮ ತೋಟದಲ್ಲಿ ನಿಂತು ಫೋನ್ ನೋಡಿಕೊಂಡರೆ ‘ದಿಸ್ ಪ್ಲೇಸ್ ಈಸ್ ಸಿಗ್ನಲ್‌ಲೆಸ್’ ಎನ್ನುವುದಿಲ್ಲ. ‘ದೇರ್ ಈಸ್ ನೋ ಸಿಗ್ನಲ್ ಹಿಯರ್’ ಎನ್ನುತ್ತಾರೆ. ಅಮೆರಿಕದವರಾದರೆ ‘ನೋ ಸರ್ವಿಸ್’ ಅಥವಾ ‘ನೋ ರಿಸೆಪ್ಷನ್’. ನಾವು ‘ಟವರ್ ಸಿಗ್ತಿಲ್ಲ’, ‘ರೇಂಜ್ ಇಲ್ಲ’ ಎನ್ನುವ ಹಾಗೆ. ಸಿಗ್ನಲ್‌ಲೆಸ್ ನಾಮಪದಕ್ಕಿಂತ ಮೊದಲು ಕೂತಾಗ ಚೆನ್ನ: ಸಿಗ್ನಲ್‌ಲೆಸ್ ವ್ಯಾಲಿ, ಸಿಗ್ನಲ್‌ಲೆಸ್ ನೈಟ್. ಅದು ಬರಹದ ಪದ, ಸ್ವಲ್ಪ ಕಾವ್ಯದ ಕಡೆಗೆ ವಾಲುವ ಪದ. ಅರ್ಜಿಗೆ ಅದರಿಂದ ಉಪಯೋಗವಿಲ್ಲ.

ಈಗ ನಿಮ್ಮ ಅತಿಥಿಯ ‘ಫ್ರೀ’. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ನಿಮ್ಮ ಅರ್ಜಿ ಮತ್ತು ಬೋರ್ಡಿನ ವ್ಯತ್ಯಾಸ ಇರುವುದು ಇಲ್ಲೇ. ಲೆಸ್ ಮತ್ತು ಫ್ರೀ ಎರಡೂ ‘ಇಲ್ಲ’ ಎನ್ನುತ್ತವೆ, ಆದರೆ ಹೇಳುವ ಮುಖಭಾವ ಬೇರೆ. ಕೇರ್‌ಲೆಸ್ ಎಂದರೆ ಗಮನ ಕೊಡದವನು, ಬೇಜವಾಬ್ದಾರಿ. ಕೇರ್‌ಫ್ರೀ ಎಂದರೆ ನಿಶ್ಚಿಂತ. ‘ಕೇರ್’ ಅದೇ, ಆದರೆ ಮೊದಲನೆಯದು ಬೈಗುಳ, ಎರಡನೆಯದು ಭಾಗ್ಯ. ಚೈಲ್ಡ್‌ಲೆಸ್ ಎಂದರೆ ಮಕ್ಕಳಿಲ್ಲದವರು. ಮಕ್ಕಳು ಬೇಡವೆಂದು ತಾವೇ ನಿರ್ಧರಿಸಿದವರು ತಮ್ಮನ್ನು ಚೈಲ್ಡ್‌ಫ್ರೀ ಎಂದು ಕರೆದುಕೊಳ್ಳುತ್ತಾರೆ.

ಕನ್ನಡ ಈ ವ್ಯತ್ಯಾಸವನ್ನು ಇನ್ನೂ ನುಣುಪಾಗಿ ಮಾಡುತ್ತದೆ. ನಮಗೆ ರಹಿತ ಇದೆ, ಹೀನ ಇದೆ, ಮುಕ್ತ ಇದೆ. ಭೂರಹಿತ ಎಂಬುದು ಕಂದಾಯ ಇಲಾಖೆಯ ತಣ್ಣನೆಯ ಮಾತು. ಮತಿಹೀನ, ಗತಿಹೀನ ಎನ್ನುವಾಗ ದನಿಯಲ್ಲೇ ಒಂದು ಕೀಳ್ಗಳೆಯುವಿಕೆಯೋ ಮರುಕವೋ ಇದೆ. ಸಾಲಮುಕ್ತ ಎಂದರೆ ಉಸಿರು ಹಗುರಾದ ಹಾಗೆ. 2014ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಪತ್ರ ಸಿಕ್ಕಾಗ ಭಾರತ ‘ಪೋಲಿಯೊ ಮುಕ್ತ’ವಾಯಿತು. ಪೋಲಿಯೊ ರಹಿತ ಎಂದಿದ್ದರೂ ಅರ್ಥ ಕೆಡುತ್ತಿರಲಿಲ್ಲ, ಆದರೆ ಗೆದ್ದ ಸಂತೋಷ ಅದರಲ್ಲಿ ಇರುತ್ತಿರಲಿಲ್ಲ. ಇಂಗ್ಲಿಷಿನ ಫ್ರೀ ನಮ್ಮ ‘ಮುಕ್ತ’. ಲೆಸ್ ಮಾತ್ರ ರಹಿತವೂ ಆಗಬಲ್ಲದು, ಹೀನವೂ ಆಗಬಲ್ಲದು. ಯಾವುದೆಂದು ಅದು ಅಂಟಿಕೊಂಡ ಪದ ಹೇಳಬೇಕು.

ಲೆಸ್ ಎಂದೊಡನೆ ಕೊರತೆ ಎಂದು ಹೊರಡುವುದೂ ತಪ್ಪು. ಬೀಜವಿಲ್ಲದ ದ್ರಾಕ್ಷಿ ಸೀಡ್‌ಲೆಸ್, ಅದು ಅನುಕೂಲ. ಪ್ರೈಸ್‌ಲೆಸ್ ಎಂದರೆ ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ವೈರ್‌ಲೆಸ್ ಅಂತೂ ಒಂದು ಹೆಮ್ಮೆಯ ಹೆಸರಾಗಿ ಹುಟ್ಟಿತು. ತಂತಿಯಿಲ್ಲದೆ ಸಂದೇಶ ಹೋಯಿತೆಂಬ ಬೆರಗು ಆ ಹೆಸರಲ್ಲಿತ್ತು. ಕನ್ನಡದಲ್ಲಿ ಅದಕ್ಕೆ ನಿಸ್ತಂತು ಎಂಬ ಪದ ಬಂದದ್ದು ನನಗೆ ಇವತ್ತಿಗೂ ಇಷ್ಟ, ಮೂಲದಷ್ಟೇ ಚಿಕ್ಕದಾಗಿ ಮೂಲದಷ್ಟೇ ಹೇಳುತ್ತದೆ. ವೈರ್‌ಲೆಸ್ ಹೇಳುವುದು ಯಂತ್ರಕ್ಕೆ ಏನು ಬೇಕಿಲ್ಲ ಎಂಬುದನ್ನು. ಸಿಗ್ನಲ್‌ಲೆಸ್ ಹೇಳುವುದು ಊರಿಗೆ ಏನು ಬಂದಿಲ್ಲ ಎಂಬುದನ್ನು.

ಬೆಂಗಳೂರಿನಲ್ಲಿ ‘ಸಿಗ್ನಲ್ ಫ್ರೀ ಕಾರಿಡಾರ್’ ಎಂಬ ಮಾತು ಬಹಳ ವರ್ಷಗಳಿಂದ ಓಡಾಡುತ್ತಿದೆ. ನಮ್ಮ ಪತ್ರಿಕೆಗಳು ಅದನ್ನು ‘ಸಿಗ್ನಲ್ ಮುಕ್ತ ರಸ್ತೆ’ ಎಂದು ಸರಿಯಾಗಿಯೇ ಕನ್ನಡಕ್ಕೆ ತಂದಿವೆ. ಅಲ್ಲಿ ಸಿಗ್ನಲ್ ಎಂದರೆ ಕೆಂಪು ದೀಪ. ಅದು ಇಲ್ಲದಿರುವುದು ವಾಹನ ಓಡಿಸುವವರಿಗೆ ಬಿಡುಗಡೆ. ನಿಮ್ಮ ಅತಿಥಿ ಆ ಊರಿನವರಾದ್ದರಿಂದ ಅವರ ಬಾಯಿಗೆ ಆ ಪದ ತಾನಾಗಿ ಬಂದಿದೆ. ಮೂರು ದಿನ ಫೋನ್ ಬಡಿದುಕೊಳ್ಳದೆ ಇರುವುದು ಅವರಿಗೆ ಬಿಡುಗಡೆಯೇ. ನಾಲ್ಕನೇ ದಿನ ಅವರು ಊರಿಗೆ ಹೋಗುತ್ತಾರೆ, ನೀವು ಅಲ್ಲೇ ಇರುತ್ತೀರಿ. ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಜೀಪ್ ತೆಗೆದು ಸಿಗ್ನಲ್ ಸಿಗುವ ತಿರುವಿನವರೆಗೆ ಹೋಗಿ ಫೋನ್ ಮಾಡುವ ಮನೆಯವರು ನೀವು. ಹಾಗಾಗಿ ಅರ್ಜಿಯಲ್ಲಿ ಎಂದಿಗೂ ‘ಸಿಗ್ನಲ್ ಫ್ರೀ’ ಬೇಡ. ಓದಿದವರಿಗೆ ನೀವು ಅದರಲ್ಲಿ ಸುಖವಾಗಿದ್ದೀರಿ ಎಂಬ ಅರ್ಥವೇ ಬರುತ್ತದೆ.

ಮಗಳ ‘ಅನ್‌ಸಿಗ್ನಲೈಸ್ಡ್’ ಅವಳ ಪಠ್ಯಪುಸ್ತಕದಲ್ಲಿ ನೂರಕ್ಕೆ ನೂರು ಸರಿ. ಸಂಚಾರ ಇಂಜಿನಿಯರಿಂಗಿನಲ್ಲಿ ಅದು ಗಟ್ಟಿಯಾದ ಪಾರಿಭಾಷಿಕ ಪದ: ದೀಪದ ಸಿಗ್ನಲ್ ಅಳವಡಿಸದ ಕೂಡುರಸ್ತೆ. ‘ಸಿಗ್ನಲೈಸ್’ ಎಂದರೆ ಸಿಗ್ನಲ್ ಅಳವಡಿಸು. ಅದನ್ನು ಮಾಡಿಲ್ಲ ಎಂಬುದನ್ನು ‘ಅನ್’ ಹೇಳುತ್ತದೆ. ಅಂದರೆ ಯಾರೋ ಮಾಡಬಹುದಾಗಿದ್ದ ಕೆಲಸವೊಂದು ಆಗಿಲ್ಲ ಎಂಬ ಸೂಚನೆ ಪದದ ಒಳಗೇ ಇದೆ. ಲೆಸ್‌ನಲ್ಲಿ ಆ ‘ಯಾರೋ’ ಇಲ್ಲ. ಕಾವಲುಗಾರನಿಲ್ಲದ ರೈಲ್ವೆ ಗೇಟನ್ನು ‘ಅನ್‌ಮ್ಯಾನ್ಡ್’ ಎನ್ನುವುದೂ ಇದೇ ಅಚ್ಚಿನಲ್ಲಿ. ಅನ್‌ಸಿಗ್ನಲೈಸ್ಡ್ ಎಂದರೆ ನಿಯಂತ್ರಣವೇ ಇಲ್ಲ ಎಂದಲ್ಲ ಎಂಬುದನ್ನು ಮಗಳಿಗೆ ನೆನಪಿಸಿ. ‘ನಿಲ್ಲಿಸಿ’ ಫಲಕ, ‘ದಾರಿ ಬಿಡಿ’ ಫಲಕ, ವೃತ್ತ, ಇವುಗಳಲ್ಲಿ ಯಾವುದಾದರೂ ಇರಬಹುದು. ಏನೂ ಇಲ್ಲದಿದ್ದರೆ ಅದು ‘ಅನ್‌ಕಂಟ್ರೋಲ್ಡ್’. ಪರೀಕ್ಷೆಯಲ್ಲಿ ಈ ಎರಡನ್ನು ಒಂದೇ ಎಂದು ಬರೆಯುವವರು ಬಹಳ.

ಇವೆರಡರ ಪಕ್ಕದಲ್ಲೇ ‘ಅನ್‌ಸಿಗ್ನಲ್ಡ್’ ಎಂಬುದೂ ಇದೆ. ಇದಕ್ಕೆ ಸೂಚನೆ ಕೊಡದೆ ಮಾಡಿದ್ದು ಎಂದರ್ಥ. ಸಂಪಾಜೆ ಘಾಟಿಯಲ್ಲಿ ಮುಂದಿನ ಕಾರು ಇಂಡಿಕೇಟರ್ ಹಾಕದೆ ತಟ್ಟನೆ ಬಲಕ್ಕೆ ಎಳೆದರೆ ಅದು ಅನ್‌ಸಿಗ್ನಲ್ಡ್ ಟರ್ನ್. ಬ್ರಿಟಿಷ್ ಕಾಗುಣಿತದಲ್ಲಿ ಎಲ್ ಎರಡು, ಅಮೆರಿಕದ್ದರಲ್ಲಿ ಒಂದು. ಸಿಗ್ನಲ್ ವ್ಯವಸ್ಥೆ ಇಲ್ಲದ ರೈಲು ಹಳಿಗೂ ಇದೇ ಪದ ಹೇಳಬಹುದು, ಆದರೆ ಅಮೆರಿಕದ ರೈಲ್ವೆಯವರು ಅದಕ್ಕೆ ‘ಡಾರ್ಕ್ ಟೆರಿಟರಿ’ ಎಂಬ ಹೆಸರಿಟ್ಟಿದ್ದಾರೆ, ಕತ್ತಲ ಸೀಮೆ. ರೈಲು ಹಳಿಯೇ ಇಲ್ಲದ ನಮ್ಮ ಜಿಲ್ಲೆಯ ಮಕ್ಕಳಿಗೆ ಈ ಪಾಠ ಮಾಡುವಾಗ ನಾನು ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿನ ಉದಾಹರಣೆ ಕೊಡಬೇಕಾಗುತ್ತಿತ್ತು.

ಹಳೆಯ ಪುಸ್ತಕ ಓದುವವರಿಗೆ ಒಂದು ಎಚ್ಚರಿಕೆ. ‘ಸಿಗ್ನಲ್’ ಒಂದು ವಿಶೇಷಣವೂ ಹೌದು, ಎದ್ದು ಕಾಣುವ ಎಂಬರ್ಥದಲ್ಲಿ. ‘ಸಿಗ್ನಲ್ ವಿಕ್ಟರಿ’ ಎಂದರೆ ಗಮನಾರ್ಹ ಗೆಲುವು. ಹಳೆಯ ಬರಹಗಳಲ್ಲಿ ಯಾರಾದರೂ ಯುದ್ಧದಲ್ಲಿ ‘ಸಿಗ್ನಲೈಸ್ಡ್ ಹಿಮ್‌ಸೆಲ್ಫ್’ ಎಂದಿದ್ದರೆ ಹೆಸರು ಗಳಿಸಿದ ಎಂದು ಓದಿಕೊಳ್ಳಬೇಕು. ‘ಸಿಗ್ನಲ್ ಫೇಲ್ಯೂರ್’ ರೈಲ್ವೆಯಲ್ಲಿ ಸಿಗ್ನಲ್ ಕೆಟ್ಟದ್ದು, ಸಂಪಾದಕೀಯದಲ್ಲಿ ದೊಡ್ಡ ಸೋಲು. ಎಲ್ಲಕ್ಕೂ ಬೇರು ಗುರುತು ಎಂಬರ್ಥದ ಲ್ಯಾಟಿನ್ ‘ಸಿಗ್ನಂ’.

ಹಾಗಾದರೆ ಅರ್ಜಿಗೆ ಯಾವ ಪದ? ದೂರಸಂಪರ್ಕದವರ ಭಾಷೆಯಲ್ಲಿ ಪದ ‘ಕವರೇಜ್’. ಟವರ್ ತನ್ನ ಸುತ್ತ ಒಂದು ಹೊದಿಕೆ ಹರಡುತ್ತದೆ ಎಂಬ ಕಲ್ಪನೆ ಅದು. ಹೊದಿಕೆಯ ಹೊರಗಿರುವ ಊರು ‘ಅನ್‌ಕವರ್ಡ್ ವಿಲೇಜ್’. ಕೇಂದ್ರ ಸಚಿವ ಸಂಪುಟ 2022ರ ಜುಲೈನಲ್ಲಿ ದೇಶದ 24,680 ಹಳ್ಳಿಗಳಿಗೆ 4ಜಿ ಒದಗಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಾಗ ಬಳಸಿದ್ದು ಇದೇ ಪದ. ಬೆಟ್ಟದ ಮರೆಯಿಂದ ಸಿಗ್ನಲ್ ತಪ್ಪುವ ಜಾಗ ‘ಶ್ಯಾಡೋ ಏರಿಯಾ’, ನೆರಳು ಪ್ರದೇಶ. ನಮ್ಮ ಕಡೆಯ ಸಮಸ್ಯೆ ಹೆಚ್ಚಾಗಿ ಇದೇ. ಮೊಬೈಲಿನ ಅಲೆ ಬಹುಮಟ್ಟಿಗೆ ನೇರ ದಾರಿಯಲ್ಲಿ ಸಾಗುತ್ತದೆ. ನಡುವೆ ಬೆಟ್ಟ ಬಂದರೆ ಅದರ ಹಿಂದಿನ ಕೊಲ್ಲಿಗೆ, ಅಂದರೆ ಕಣಿವೆಗೆ, ಇಳಿಯುವುದು ಕಷ್ಟ. ಕಡಿಮೆ ಆವರ್ತನದ್ದು, ಅಂದರೆ 700, 900 ಮೆಗಾಹರ್ಟ್ಸ್‌ನಂಥದ್ದು, ಅಂಚಿನಲ್ಲಿ ಸ್ವಲ್ಪ ಬಾಗಿ ಒಳಗೆ ಬರಬಲ್ಲದು. 1800, 2300ರದ್ದು ಅಷ್ಟು ಬಾಗದು. ಅದರ ಮೇಲೆ ಕಾಫಿ ಗಿಡಕ್ಕೆ ನೆರಳು ಕೊಡುವ ಸಿಲ್ವರ್ ಓಕ್, ಹಲಸು, ಅತ್ತಿ. ಎಲೆ ನೆನೆದಿದ್ದರೆ ಅಲೆಯನ್ನು ಇನ್ನಷ್ಟು ನುಂಗುತ್ತದೆ. ಬೇಸಗೆಯಲ್ಲಿ ಎರಡು ಕಡ್ಡಿ ತೋರಿಸುತ್ತಿದ್ದ ಅಂಗಳ ಜಡಿಮಳೆಯ ಆಟಿ ತಿಂಗಳಲ್ಲಿ ಪೂರ್ತಿ ಖಾಲಿಯಾಗುವುದಕ್ಕೆ ಕರೆಂಟು ಹೋಗಿ ಟವರ್ ಆಫ್ ಆಗುವುದರ ಜೊತೆಗೆ ಇದೂ ಒಂದು ಕಾರಣ.

ಬ್ರಿಟನ್ನಿನಲ್ಲಿ ಇನ್ನೊಂದು ಪದ ಬಳಕೆಗೆ ಬಂದಿದೆ, ‘ನಾಟ್‌ಸ್ಪಾಟ್’. ಹಾಟ್‌ಸ್ಪಾಟ್ ಎಂಬುದನ್ನು ತಿರುಚಿ ಮಾಡಿದ್ದು. ಅವರು ಅದನ್ನು ಎರಡಾಗಿ ಒಡೆಯುತ್ತಾರೆ. ಯಾವ ಕಂಪನಿಯದ್ದೂ ಸಿಗದ ಜಾಗ ಪೂರ್ತಿ ನಾಟ್‌ಸ್ಪಾಟ್, ಕೆಲವು ಕಂಪನಿಯದ್ದು ಮಾತ್ರ ಸಿಗುವ ಜಾಗ ಭಾಗಶಃ ನಾಟ್‌ಸ್ಪಾಟ್. ಈ ವಿಭಾಗ ನಿಮಗೆ ಬಹಳ ಮುಖ್ಯ. ತೋಟದ ನಾಲ್ಕು ಕಡೆ ನಿಂತು ಫೋನಿನ ತೆರೆ ನೋಡಿ. ‘ನೋ ಸರ್ವಿಸ್’ ಎಂದು ತೋರಿಸುತ್ತದೆಯೋ, ‘ಎಮರ್ಜೆನ್ಸಿ ಕಾಲ್ಸ್ ಓನ್ಲಿ’ ಎಂದೋ? ಎರಡನೆಯದಾದರೆ ಸಾಮಾನ್ಯವಾಗಿ ನಿಮ್ಮ ಕಂಪನಿಯ ಸಿಗ್ನಲ್ ಇಲ್ಲ, ಆದರೆ ಬೇರೆ ಯಾರದ್ದೋ ಅಲೆ ಅಲ್ಲಿಗೆ ಮುಟ್ಟುತ್ತಿದೆ, ತುರ್ತು ಕರೆ ಹೋಗಬಲ್ಲದು ಎಂದರ್ಥ. ಅಂಥ ಜಾಗವನ್ನು ಸಿಗ್ನಲ್‌ಲೆಸ್ ಎನ್ನಲಾಗದು. ಮನೆಯಲ್ಲಿ ಎಲ್ಲರಿಗೂ, ಮುಖ್ಯವಾಗಿ ಕೆಲಸದವರಿಗೂ, ಈ ಎರಡು ಬರಹಗಳ ವ್ಯತ್ಯಾಸ ಹೇಳಿಕೊಡಿ. ಕಷ್ಟದ ಹೊತ್ತಿನಲ್ಲಿ ‘ಸಿಗ್ನಲ್ ಇಲ್ಲ’ ಎಂದು ಫೋನ್ ಜೇಬಿಗೆ ಹಾಕಿಕೊಳ್ಳುವ ಬದಲು 112ಕ್ಕೆ ಒಮ್ಮೆ ಒತ್ತಿ ನೋಡುತ್ತಾರೆ.

ಅರ್ಜಿಯಲ್ಲಿ ಹೀಗಿರಲಿ: ‘ದೇರ್ ಈಸ್ ನೋ ರಿಲಯಬಲ್ ಮೊಬೈಲ್ ಕವರೇಜ್ ಇನ್ ಅವರ್ ವಿಲೇಜ್’. ಅದರ ಕೆಳಗೆ ಯಾವ ಕಂಪನಿಯದ್ದು, ಮನೆಯ ಒಳಗೋ ಹೊರಗೋ, ಮಾತಿಗೂ ಇಲ್ಲವೋ ಇಂಟರ್ನೆಟ್ಟಿಗೆ ಮಾತ್ರ ಇಲ್ಲವೋ, ಸಿಗ್ನಲ್ ಸಿಗುವ ಹತ್ತಿರದ ಜಾಗ ಎಷ್ಟು ದೂರ, ಎಷ್ಟು ಮನೆ, ಎಷ್ಟು ಶಾಲಾ ಮಕ್ಕಳು. 2020ರಲ್ಲಿ ಸೋಮವಾರಪೇಟೆ ತಾಲ್ಲೂಕಿನ ಒಬ್ಬ ಮೇಷ್ಟ್ರು ಸಿಗ್ನಲ್‌ಗಾಗಿ ಮರದ ಮೇಲೆ ಅಟ್ಟಣೆ ಕಟ್ಟಿಕೊಂಡು ಮಕ್ಕಳಿಗೆ ಆನ್‌ಲೈನ್ ಪಾಠ ಮಾಡಿದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಜನ ಕೇಳಿಸಿಕೊಂಡದ್ದು ಆ ಅಟ್ಟಣೆಯ ಕಥೆಯನ್ನು. ನಿಮ್ಮ ಅರ್ಜಿಯಲ್ಲೂ ಅಂಥ ಒಂದು ನಿಜಸಂಗತಿ ಇದ್ದರೆ ಯಾವ ವಿಶೇಷಣವೂ ಬೇಕಾಗುವುದಿಲ್ಲ.

ಮಾವನವರಿಗೆ ಒಂದು ಮಾತು. ನಮ್ಮ ಸೇನೆಯ ಸಿಗ್ನಲ್ಸ್ ದಳ 1911ರ ಫೆಬ್ರುವರಿ 15ರಂದು ಹುಟ್ಟಿತು. ಅಲ್ಲಿ ಕೆಲಸ ಮಾಡಿದವರಿಗೆ ‘ರೇಡಿಯೊ ಸೈಲೆನ್ಸ್’ ಏನೆಂದು ನಾನು ಹೇಳಬೇಕಾಗಿಲ್ಲ. ಯಂತ್ರ ಸರಿಯಿದೆ, ಅಲೆಯೂ ಇದೆ, ಆದರೂ ಬೇಕೆಂದೇ ಮಾತಾಡದಿರುವುದು. ಅದು ಕಟ್ಟುನಿಟ್ಟಿನ ಮೌನ. ಸಿಗ್ನಲ್‌ಲೆಸ್ ಎಂಬ ಪದ ಅವರ ಕಿವಿಗೆ ಒಪ್ಪದಿರುವುದಕ್ಕೆ ಇದೇ ಕಾರಣವಿರಬೇಕು ಎಂದು ನನ್ನ ಊಹೆ: ಅವರ ವೃತ್ತಿಯಲ್ಲಿ ಸಿಗ್ನಲ್ ಎಂಬುದು ಮನುಷ್ಯ ಕಳಿಸುವಂಥದ್ದು, ಆಕಾಶದಿಂದ ತಾನಾಗಿ ಬೀಳುವಂಥದ್ದಲ್ಲ. ಅಮೆರಿಕದ ಗ್ರೀನ್ ಬ್ಯಾಂಕ್ ರೇಡಿಯೊ ದೂರದರ್ಶಕದ ಸುತ್ತ 1958ರಿಂದ ಒಂದು ಸಂರಕ್ಷಿತ ಪ್ರದೇಶವಿದೆ. ಸುಮಾರು 34,000 ಚದರ ಕಿಲೋಮೀಟರ್, ನಮ್ಮ ಕೊಡಗಿನಂಥ ಎಂಟು ಜಿಲ್ಲೆ ಹಿಡಿಸುವಷ್ಟು. ಅಲ್ಲಿ ರೇಡಿಯೊ ಪ್ರಸಾರಕ್ಕೆ ಕಟ್ಟುಪಾಡುಗಳಿವೆ, ದೂರದರ್ಶಕದ ಹತ್ತಿರ ಹೋದಷ್ಟೂ ಬಿಗಿ. ಅದನ್ನು ಕರೆಯುವುದು ‘ಕ್ವಯೆಟ್ ಜೋನ್’ ಎಂದು. ನಕ್ಷತ್ರಗಳ ಕಡೆಯಿಂದ ಬರುವ ಅತಿ ಕ್ಷೀಣ ಸಿಗ್ನಲ್ ಕೇಳಲೆಂದೇ ಉಳಿದವರು ಸುಮ್ಮನಿರುವ ಸೀಮೆ ಅದು. ಅದಕ್ಕೆ ಸಿಗ್ನಲ್‌ಲೆಸ್ ಎಂದರೆ ಪೂರ್ತಿ ಉಲ್ಟಾ ಆಗುತ್ತದೆ.

ನಿಮ್ಮ ಕೊಲ್ಲಿಗೂ ಮಡಿಕೇರಿ ಆಕಾಶವಾಣಿ ಕೇಳಿಸುತ್ತಿರಬಹುದು, ಉಪಗ್ರಹದ ಜಿಪಿಎಸ್ ಅಲೆ ಬೀಳುತ್ತಿರುವುದಂತೂ ಖಂಡಿತ. ನಾವು ಸಿಗ್ನಲ್ ಎನ್ನುವಾಗ ಮೊಬೈಲಿನದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು ತೀರಾ ಇತ್ತೀಚಿನದು. ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಬೆನ್ನುಬೆನ್ನಿಗೆ ಎರಡು, ಸುಗ್ಗಿ ಹಬ್ಬ ಪುತ್ತರಿಯ ರಾತ್ರಿ ಕದಿರು ಕೊಯ್ಯುವಾಗ ಮತ್ತೊಂದು. ಕೊಡವರ ಊರುಗಳಲ್ಲಿ ಗುಡ್ಡದಾಚೆಯವರು ಕೋವಿಯ ಸದ್ದು ಎಣಿಸಿಯೇ ಸುದ್ದಿ ತಿಳಿಯುತ್ತಿದ್ದರು. ಆ ಅರ್ಥದಲ್ಲಿ ಸಿಗ್ನಲ್ ಎಂಬ ಪದಕ್ಕೆ ಕೊಡಗಿನ ಇಂಗ್ಲಿಷ್ ತರಗತಿಯಲ್ಲಿ ನಾನು ಕೊಡುತ್ತಿದ್ದ ಮೊದಲ ಉದಾಹರಣೆ ಅದೇ ಆಗಿತ್ತು, ಮಕ್ಕಳು ತಕ್ಷಣ ಹಿಡಿಯುತ್ತಿದ್ದರು.

ಬೋರ್ಡಿನ ವಿಷಯ. ‘ಸಿಗ್ನಲ್ ಫ್ರೀ ಸ್ಟೇ’ ಎಂದು ಬರೆಸಿದರೆ ವ್ಯಾಕರಣ ತಪ್ಪುವುದಿಲ್ಲ, ಜನರೂ ಬರಬಹುದು. ಆದರೆ ಬರುವವರಲ್ಲಿ ಒಬ್ಬರು ರಾತ್ರಿ ಕರೆ ಬಂದರೆ ಓಡಬೇಕಾದ ಡಾಕ್ಟರಿರಬಹುದು, ಒಬ್ಬರ ತಾಯಿ ಊರಲ್ಲಿ ಹಾಸಿಗೆ ಹಿಡಿದಿರಬಹುದು. ಅವರಿಗೆ ಬೇಕಾದ್ದು ಮಾಹಿತಿ, ಅದೂ ಬುಕ್ ಮಾಡುವ ಮೊದಲೇ. ಇಂಗ್ಲಿಷಿನಲ್ಲಿ ‘ನೋ ಮೊಬೈಲ್ ಸಿಗ್ನಲ್ ಬಿಯಾಂಡ್ ದ ಗೇಟ್’ ಎಂದು ಬರೆಸಿ, ಮನೆಯಲ್ಲಿ ಲ್ಯಾಂಡ್‌ಲೈನೋ ವೈಫೈಯೋ ಇದ್ದರೆ ಅದನ್ನೂ ಸೇರಿಸಿ. ಕನ್ನಡದಲ್ಲಿ ‘ಗೇಟಿನಿಂದ ಒಳಗೆ ಮೊಬೈಲ್ ಸಿಗ್ನಲ್ ಇರುವುದಿಲ್ಲ’ ಎಂದರೆ ಸಾಕು; ‘ಸಿಗ್ನಲ್ ರಹಿತ ವಾಸ್ತವ್ಯ’ ಎಂದೆಲ್ಲ ಬೇಡ. ರೈಟರು ಹೇಳಿದ ಆ ಒಂದು ಕಡ್ಡಿ ಬರುವ ಜಾಗವನ್ನು ಸರಿಯಾಗಿ ಗುರುತಿಸಿ, ಮಳೆಗೆ ನೆನೆಯದಂತೆ ಮೇಲೊಂದು ಶೀಟು ಹಾಕಿಸಿ, ಕೆಳಗೊಂದು ಕಲ್ಲು ಬೆಂಚು ಇಡಿಸಿ. ಅಲ್ಲಿಗೆ ‘ವೀಕ್ ಸಿಗ್ನಲ್ ಹಿಯರ್’ ಎಂಬ ಇನ್ನೊಂದು ಸಣ್ಣ ಬೋರ್ಡು.